ಹಿಮ್ಮಡಿ ಹರಿದುಕೊಳ್ಳಲು ಹೊರಟ ಡಾಕ್ಟರು

ನಾಲ್ಕು ತಿಂಗಳ ಹಿಂದೆ ಬ್ಯಾಡ್ಮಿಂಟನ್ ಆಡಿ ಹಿಮ್ಮಡಿ ನೋವು ತಂದುಕೊಂಡೆ. ಸಿಕ್ಕವರೆಲ್ಲ ಹೇಳಿದ್ದು ಒಂದೇ, "ರೆಸ್ಟ್ ತಗೋ ಮಾರಾಯ". ತಗೊಂಡೆ. ನೋವು ಹೋಗಲಿಲ್ಲ. ಬೇಜಾರಾಗಿ ಓದಲು ಕೂತಾಗ ಸಿಕ್ಕಿದ್ದು ಈ ಕಥೆ...

1990ರ ದಶಕ. ಉತ್ತರ ಸ್ವೀಡನ್ನಿನ ಊಮಿಯೋ ಊರಿನ ಮೂಳೆ ಡಾಕ್ಟರು ಹೋಕನ್ ಆಲ್ಫ್ರೆಡ್ಸನ್ ಅವರಿಗೂ ಇದೇ ಕಾಟ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹಗ್ಗದಂಥ ಅಕಿಲಿಸ್ ಟೆಂಡನ್ ಕೆಟ್ಟಿತ್ತು. ಆಪರೇಷನ್ ಮಾಡಿ ಅಂದರೆ ಬಾಸ್ ಒಪ್ಪಲಿಲ್ಲ (ಬಾಸುಗಳು ಎಲ್ಲ ದೇಶದಲ್ಲೂ ಒಂದೇ!). ಪೂರ್ತಿ ಹರಿದುಹೋದರೆ ಮಾಡಲೇಬೇಕಲ್ಲ ಅಂತ ಲೆಕ್ಕ ಹಾಕಿ, ನೋಯುವ ಕಾಲಿಗೆ ಬೇಕಂತಲೇ ಭಾರ ಕೊಟ್ಟು ದಂಡಿಸಿದರು. ಹರಿಯಲಿಲ್ಲ, ವಾಸಿಯಾಯಿತು :)

1998ರಲ್ಲಿ ಅವರ ತಂಡ ಇದನ್ನೇ ಆಪರೇಷನ್ನಿಗೆ ಕಾಯುತ್ತಿದ್ದ 15 ಜನರ ಮೇಲೆ ಪ್ರಯೋಗಿಸಿ ಪ್ರಕಟಿಸಿತು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವುದು, ದಿನಕ್ಕೆ 180 ಸಲ, 12 ವಾರ, ನೋವಾದರೂ ಬಿಡದೆ. ಹದಿನೈದೂ ಜನ ಮತ್ತೆ ಓಡಿದರು. ರೆಸ್ಟ್, ಮಾತ್ರೆ ಅಂತ ಹಳೆಯ ದಾರಿಯಲ್ಲಿದ್ದ ಇನ್ನೊಂದು 15 ಜನ ಕೊನೆಗೆ ಆಪರೇಷನ್ ಟೇಬಲ್ಲಿಗೇ ಹೋದರು. ಚೀಟಿ ಎತ್ತಿ ಮಾಡಿದ ಗುಂಪುಗಳಲ್ಲ, ಹಾಗಾಗಿ ಸ್ವಲ್ಪ ಉಪ್ಪು ಸೇರಿಸಿ ಓದಿ.

ಆಮೇಲೆ ಬಂತು ಇಂಜೆಕ್ಷನ್ ಯುಗ. ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಗ್ರೋತ್ ಫ್ಯಾಕ್ಟರುಗಳಿವೆ, ಅಂದರೆ ಜೀವಕೋಶಗಳಿಗೆ 'ಬೆಳೆ, ರಿಪೇರಿ ಮಾಡು' ಅಂತ ಹೇಳುವ ಪ್ರೋಟೀನುಗಳು. ನಮ್ಮದೇ ರಕ್ತದಿಂದ ಅವನ್ನು ಸಾಂದ್ರ ಮಾಡಿ ಚುಚ್ಚಿದರೆ ಸಾಕಲ್ಲ? 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 54 ರೋಗಿಗಳಿಗೆ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ಪ್ಲೇಟ್‌ಲೆಟ್, ಅರ್ಧ ಜನಕ್ಕೆ ಬರೀ ಉಪ್ಪುನೀರು, ವ್ಯಾಯಾಮ ಎಲ್ಲರಿಗೂ. ಇಬ್ಬರಿಗೂ ಗುಣ ಕಂಡಿತು, ವ್ಯತ್ಯಾಸವೇ ಇಲ್ಲ! 2021ರಲ್ಲಿ ಬ್ರಿಟನ್ನಿನ 240 ರೋಗಿಗಳಲ್ಲೂ ಸುಳ್ಳು ಇಂಜೆಕ್ಷನ್ನಿಗಿಂತ ಅದು ಮೇಲಾಗಲಿಲ್ಲ.

ಹಾಗಾದರೆ ಗ್ರೋತ್ ಫ್ಯಾಕ್ಟರ್ ದಂಡವೇ? ನನಗೆ ತುಂಬಾ ಹಿಡಿಸಿದ್ದು 2006ರ ಒಂದು ಪ್ರಯೋಗ, ಸ್ವೀಡನ್ನಿನದೇ, ಪೆರ್ ಆಸ್ಪೆನ್‌ಬರ್ಗ್ ಅವರ ತಂಡದ್ದು. ಇಲಿಗಳ ಟೆಂಡನ್ ಕತ್ತರಿಸಿ ಪ್ಲೇಟ್‌ಲೆಟ್ ಚುಚ್ಚಿದಾಗ ಗಾಯ ಬೇಗ ಗಟ್ಟಿಯಾಯಿತು. ಆದರೆ ಬೋಟಾಕ್ಸ್ ಕೊಟ್ಟು ಮೀನಖಂಡವನ್ನು ನಿಶ್ಚಲ ಮಾಡಿದ ಇಲಿಗಳಲ್ಲಿ 14 ದಿನಕ್ಕೆ ಆ ಲಾಭ ಮಾಯ. ಪ್ಲೇಟ್‌ಲೆಟ್ ಬರೀ ಕೆಲಸ ಶುರು ಮಾಡಿಸುತ್ತದೆ, ಮುಂದುವರಿಸಲು ಎಳೆತ ಬೇಕು. ಟೆಂಡನ್ನಿನ ಕೋಶಗಳು ಎಳೆತವನ್ನು ಗ್ರಹಿಸಿ ತಾವೇ ಗ್ರೋತ್ ಫ್ಯಾಕ್ಟರ್ ಸ್ರವಿಸುತ್ತವೆ, ಎಳೆದ ದಿಕ್ಕಿಗೇ ಕೊಲಾಜೆನ್ ಎಳೆಗಳನ್ನು ನೇಯುತ್ತವೆ.

(ಟೆಂಡನ್ ನಿಜಕ್ಕೂ ಹರಿದಿದ್ದರೆ ಈ ಸಾಹಸ ಬೇಡ, ಡಾಕ್ಟರ ಹತ್ತಿರ ಓಡಿ... ಅಲ್ಲ, ಕುಂಟಿಕೊಂಡು ಹೋಗಿ.)

ನನ್ನದು ಈಗ ಏಳನೇ ವಾರ. ಸಂಜೆಯ 90 ಬಾಕಿ ಇದೆ, ಮೆಟ್ಟಿಲ ಹತ್ತಿರ ಹೋಗಿ ಬರ್ತೀನಿ.