ರಜೆಯ ಶನಿವಾರ ಮತ್ತು ಜಾಣ ಕಾಡುಕೋಣ

ಫ್ರೆಂಚರ ಮಾತಿನಲ್ಲಿ ‘ಬೂಷೋಂ’ ಎಂದರೆ ಸೀಸೆಯ ಬಿರಡೆ. ಹೆದ್ದಾರಿಯಲ್ಲಿ ವಾಹನಗಳು ಒಂದರ ಹಿಂದೊಂದು ನಿಂತು ದಾರಿ ಕಟ್ಟಿಹೋದರೆ ಅದಕ್ಕೂ ಅವರು ಇದೇ ಮಾತನ್ನು ಬಳಸುತ್ತಾರೆ. ಆ ದೇಶದ ಹೆದ್ದಾರಿಗಳಿಗೆ ಈ ಬಿರಡೆ ಬಲು ಬಿಗಿಯಾಗಿ ಕೂರುವುದು ಆಗಸ್ಟ್ ತಿಂಗಳ ಮೊದಲ ಶನಿವಾರದ ಸುಮಾರಿಗೆ. ಜುಲೈ ತಿಂಗಳ ರಜೆ ಮುಗಿಸಿದವರು ಮನೆಗೆ ಮರಳುತ್ತಾರೆ. ಆಗಸ್ಟಿನ ರಜೆಯವರು ದಕ್ಷಿಣದ ಕಡಲತೀರಕ್ಕೆ ಹೊರಡುತ್ತಾರೆ. ಎರಡು ಪ್ರವಾಹಗಳು ಒಂದೇ ದಿನ ಎದುರುಬದುರಾಗುತ್ತವೆ. ಈ ತೊಡಕನ್ನು ಆ ಜನ ಹೇಗೆ ಎದುರಿಸಿದರು, ಅದರಲ್ಲಿ ಬಾನುಲಿ ವಹಿಸಿದ ಪಾತ್ರವೇನು ಎಂಬುದು ರೇಡಿಯೋ ಕೇಳುವ ಮನೆಗಳಿಗೆ ಸ್ವಾರಸ್ಯವಾದ ವಿಷಯವೇ ಸರಿ.

ಕಥೆ ಮೊದಲಾಗುವುದು ಮೋಟಾರಿನಿಂದಲ್ಲ, ಒಂದು ಕಾನೂನಿನಿಂದ. 1936ರ ಬೇಸಗೆಯಲ್ಲಿ ಫ್ರಾನ್ಸಿನ ಕಾರ್ಖಾನೆಗಳಲ್ಲಿ ಭಾರಿ ಮುಷ್ಕರಗಳು ನಡೆದವು. ಆಗ ಲೆಯೋಂ ಬ್ಲೂಮ್ ಅವರ ಸರ್ಕಾರ ಕೆಲಸಗಾರರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆಯನ್ನು ಕಾನೂನಿನಿಂದ ಗೊತ್ತುಮಾಡಿತು. ಅದುವರೆಗೆ ಕಡಲತೀರವೆಂಬುದು ಬಹುಮಟ್ಟಿಗೆ ಉಳ್ಳವರ ಸ್ವತ್ತಾಗಿತ್ತು. ಆ ಬೇಸಗೆಯಲ್ಲಿ ಕೂಲಿಗಾರರ ಕುಟುಂಬಗಳು ರಿಯಾಯಿತಿಯ ರೈಲು ಟಿಕೆಟ್ಟು ಹಿಡಿದು, ಕೆಲವರು ಬೈಸಿಕಲ್ಲನ್ನೇ ತುಳಿದು, ಮೊದಲ ಬಾರಿಗೆ ಸಮುದ್ರವನ್ನು ಕಂಡವು. 1956ರಲ್ಲಿ ಈ ರಜೆ ಮೂರು ವಾರವಾಯಿತು, 1969ರಲ್ಲಿ ನಾಲ್ಕು, 1982ರಲ್ಲಿ ಐದು. ದೊಡ್ಡ ಕಾರ್ಖಾನೆಗಳು ಆಗಸ್ಟಿನಲ್ಲಿ ಬಾಗಿಲು ಹಾಕುವುದು ರೂಢಿಯಾಯಿತು. ಹೋರಾಡಿ ಪಡೆದ ಹಕ್ಕು ಎಲ್ಲರ ಕೈಗೂ ಒಂದೇ ತಿಂಗಳಲ್ಲಿ ಬಂದು ಬಿದ್ದಂತಾಯಿತು.

ಯುದ್ಧ ಮುಗಿದ ಬಳಿಕ ಸಾಮಾನ್ಯರ ಕೈಗೆಟಕುವ ಕಾರುಗಳು ಬಂದವು. ಕಡಲಿಗೆ ಹೋಗುವ ಹಾದಿ ಆಗ ಏಳನೆಯ ರಾಷ್ಟ್ರೀಯ ರಸ್ತೆ. ಪ್ಯಾರಿಸ್ಸಿನಿಂದ ಇಟಲಿಯ ಗಡಿಯವರೆಗೆ ಸುಮಾರು ಸಾವಿರ ಕಿಲೋಮೀಟರಿನ ಉದ್ದ. ಜನಪ್ರಿಯ ಗಾಯಕ ಷಾರ್ಲ್ ತ್ರೆನೆ 1955ರಲ್ಲಿ ಈ ರಸ್ತೆಯ ಮೇಲೆಯೇ ಒಂದು ಹಾಡು ಕಟ್ಟಿದರೆಂದರೆ ಜನಕ್ಕೆ ಅದರ ಮೇಲಿದ್ದ ಮೋಹವನ್ನು ನೀವು ಊಹಿಸಬಹುದು. ಆದರೆ ರಸ್ತೆ ಊರೂರುಗಳ ನಡುವೆಯೇ ಹಾಯುತ್ತಿತ್ತು. ಲಪಾಲಿಸ್ ಎಂಬ ಪುಟ್ಟ ಊರು, ಬಾದಾಮಿ ಮತ್ತು ಜೇನಿನ ಮಿಠಾಯಿಗೆ ಹೆಸರಾದ ಮೊಂಟೆಲಿಮಾರ್ – ಇವೆಲ್ಲ ರಜೆಯ ದಿನಗಳಲ್ಲಿ ಗಂಟೆಗಟ್ಟಲೆ ಕಾಯುವ ತಾಣಗಳಾದವು. ಈ ಶತಮಾನದಲ್ಲಿ ಲಪಾಲಿಸ್‌ನಲ್ಲಿ ಹಳೆಯ ಕಾರುಗಳ ಮಾಲೀಕರು ನೆರೆದು ಅಂದಿನ ಸಂದಣಿಯನ್ನು ಬೇಕೆಂದೇ ಮರಳಿ ನಿರ್ಮಿಸಿ ಸಂತೋಷಪಟ್ಟಿದ್ದಾರೆ! ಕಷ್ಟವೂ ಹಳತಾದರೆ ಹಬ್ಬವಾಗುತ್ತದೆ.

ಊರಿನ ಗೊಡವೆಯಿಲ್ಲದ ಅಗಲವಾದ ಹೆದ್ದಾರಿಯೊಂದನ್ನು ಕಟ್ಟಿದರೆ ತೊಂದರೆ ತೀರಿತೆಂದು ಎಲ್ಲರೂ ಎಣಿಸಿದರು. 1970ರಲ್ಲಿ ಪ್ಯಾರಿಸ್ಸಿನಿಂದ ಮಾರ್ಸೇಲ್ಸ್ ಕಡೆಗೆ ‘ಸೂರ್ಯನ ಹೆದ್ದಾರಿ’ ಕೂಡಿಕೊಂಡಿತು. ಮರುವರ್ಷ ಲಿಯೋನ್ ನಗರದಲ್ಲಿ ಫೂರ್ವಿಯೇರ್ ಗುಡ್ಡದಡಿಯ ಸುರಂಗ ತೆರೆಯಿತು. ದೂರ ಪ್ರಯಾಣದ ವಾಹನಗಳೂ ಲಿಯೋನಿನವರ ದಿನಬಳಕೆಯ ವಾಹನಗಳೂ ಒಂದೇ ಸುರಂಗದ ಬಾಯಿಗೆ ಬಂದು ಸೇರಿದವು. ಹಳ್ಳಿಗಳಿಂದ ಎದ್ದ ಬಿರಡೆ ಮಹಾನಗರದಲ್ಲಿ ಹೋಗಿ ಕುಳಿತಿತು. ಇನ್ನೊಂದು ಕಡೆ ರಸ್ತೆಯ ಸಾವುನೋವು ವಿಪರೀತವಾಗಿತ್ತು. 1972ರ ಒಂದೇ ವರ್ಷದಲ್ಲಿ ಫ್ರಾನ್ಸಿನ ರಸ್ತೆಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

1975ರ ಆಗಸ್ಟ್ 2, ಶನಿವಾರ. ಅಂದು ದೇಶದಲ್ಲಿ ನಿಂತ ವಾಹನಸಾಲುಗಳನ್ನು ಒಟ್ಟು ಕೂಡಿಸಿದರೆ ಸುಮಾರು 600 ಕಿಲೋಮೀಟರು ಆಯಿತೆಂದು ಲೆಕ್ಕ. ಸುಡುಬಿಸಿಲಿನ ಕಾಲ, ಮಕ್ಕಳುಮರಿ ತುಂಬಿದ ಕಾರುಗಳು. ಸರ್ಕಾರ ಎಚ್ಚೆತ್ತಿತು.

ರಸ್ತೆಯನ್ನು ಇನ್ನಷ್ಟು ಅಗಲಮಾಡಿದರೆ ಸಾಲದೆ ಎಂದು ನೀವು ಕೇಳಬಹುದು. ಹೆದ್ದಾರಿಯ ಒಂದು ಸಾಲಿನಲ್ಲಿ ಗಂಟೆಗೆ ಸುಮಾರು ಎರಡು ಸಾವಿರ ವಾಹನಗಳು ಸಾಗಬಲ್ಲವು. ಆ ಮಿತಿಯ ಹತ್ತಿರ ಬಂದಾಗ ಯಾರೋ ಒಬ್ಬರು ತುಸು ಬ್ರೇಕು ಒತ್ತಿದರೆ ಸಾಕು. ಹಿಂದಿನವರು ಇನ್ನೂ ಹೆಚ್ಚು ಒತ್ತುತ್ತಾರೆ, ಅವರ ಹಿಂದಿನವರು ನಿಂತೇಬಿಡುತ್ತಾರೆ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. 230 ಮೀಟರ್ ಸುತ್ತಳತೆಯ ಬಳೆಯಂಥ ದಾರಿಯಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ದಾರಿಯಲ್ಲಿ ಇಕ್ಕಟ್ಟಿಲ್ಲ, ಅಡ್ಡಿಯಿಲ್ಲ. ಆದರೂ ತುಸು ಹೊತ್ತಿನಲ್ಲೇ ತಡೆಯೊಂದು ತಾನಾಗಿ ಹುಟ್ಟಿ, ಅಲೆಯಂತೆ ಹಿಮ್ಮುಖವಾಗಿ ಸರಿಯತೊಡಗಿತು. ಇನ್ನು, ವರ್ಷದ ಹತ್ತಾರು ದಿನಗಳ ಸಂದಣಿಗಾಗಿ ವರ್ಷವಿಡೀ ಖಾಲಿ ಬೀಳುವಷ್ಟು ಅಗಲವಾದ ರಸ್ತೆಯನ್ನು ಯಾವ ದೇಶ ತಾನೆ ಕಟ್ಟೀತು?

ಹಿಗ್ಗಿಸಬೇಕಾದದ್ದು ರಸ್ತೆಯನ್ನಲ್ಲ, ಹೊರಡುವ ಹೊತ್ತನ್ನು – ಇದು ಆಗ ಕಂಡುಕೊಂಡ ಉಪಾಯ. ಜಾತ್ರೆಯಲ್ಲಿ ತೇರು ಎಳೆದು ಮುಗಿದೊಡನೆ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಏನಾಗುತ್ತದೆಂಬುದು ನಮಗೆ ತಿಳಿಯದ್ದೇನಲ್ಲ. 1976ರಲ್ಲಿ ಫ್ರೆಂಚ್ ಸರ್ಕಾರ ‘ಬಿಸೋಂ ಫ್ಯೂತೆ’ ಎಂಬ ಪ್ರಚಾರವನ್ನು ತೊಡಗಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಜಾಣ ಕಾಡುಕೋಣ’. ಇದು ಮೃಗವಲ್ಲ, ಗರಿ ಮುಡಿದ ಅಮೆರಿಕದ ಮೂಲನಿವಾಸಿ ನಾಯಕನ ವ್ಯಂಗ್ಯಚಿತ್ರಕ್ಕೆ ಇಟ್ಟ ಹೆಸರು. ರೇಡಿಯೋ, ಟೆಲಿವಿಷನ್ನುಗಳ ಮೂಲಕ ಈ ನಾಯಕ ಮನೆಮನೆಯ ನೆಂಟನಾದ. ಇಂಥ ದಿನ ಇಂಥ ಹೊತ್ತಿನಲ್ಲಿ ಹೊರಡಬೇಡಿ, ಹೆದ್ದಾರಿ ತುಂಬಿದ್ದರೆ ಹಸಿರು ಬಾಣದ ಗುರುತಿರುವ ಬದಲಿ ದಾರಿಯನ್ನು ಹಿಡಿಯಿರಿ ಎಂಬುದು ಅವನ ಬುದ್ಧಿವಾದ. ಪ್ಯಾರಿಸ್ ಪಕ್ಕದ ರೋನಿ-ಸೂ-ಬ್ವಾ ಎಂಬಲ್ಲಿನ ಕೇಂದ್ರ ದೇಶದ ನಾನಾ ಕಡೆಯ ರಸ್ತೆ ಸಮಾಚಾರವನ್ನು ಕಲೆಹಾಕುತ್ತಿತ್ತು. ಅದನ್ನು ಬಾನುಲಿ ಮನೆಗೂ ಕಾರಿಗೂ ಮುಟ್ಟಿಸಿತು.

ಈಗ ವರ್ಷದ ದಿನಗಳಿಗೆ ಮುಂದಾಗಿಯೇ ಬಣ್ಣ ಕೊಡುವ ಪದ್ಧತಿಯಿದೆ. ಹಸಿರೆಂದರೆ ಸರಾಗ, ಕಿತ್ತಳೆಯೆಂದರೆ ತೊಡಕು, ಕೆಂಪೆಂದರೆ ಬಹಳ ತೊಡಕು, ಕಪ್ಪೆಂದರೆ ಮನೆಯಲ್ಲೇ ಇರುವುದು ಲೇಸು. ಶಾಲೆಗಳ ಚಳಿಗಾಲದ ಹಾಗೂ ವಸಂತದ ರಜೆಗಳನ್ನೂ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ಬೇರೆ ಬೇರೆ ವಾರಗಳಲ್ಲಿ ಕೊಡುತ್ತಾರೆ.

ಇದು ಕೇವಲ ಅನುಕೂಲದ ಮಾತಲ್ಲ. 1982ರ ಜುಲೈ 31ರ ನಸುಕಿಗೆ ಮುಂಚೆ, ಮಳೆಯಲ್ಲಿ, ಬೋನ್ ಎಂಬ ಊರಿನ ಬಳಿ ಸೂರ್ಯನ ಹೆದ್ದಾರಿಯಲ್ಲೇ ವಾಹನಗಳು ಒಂದಕ್ಕೊಂದು ಬಡಿದು ಬೆಂಕಿ ಹತ್ತಿತು. ಸತ್ತವರು 53 ಮಂದಿ. ಅವರಲ್ಲಿ ಬಹುಪಾಲು ರಜಾ ಶಿಬಿರಕ್ಕೆ ಬಸ್ಸಿನಲ್ಲಿ ಹೊರಟಿದ್ದ ಮಕ್ಕಳು. ಆ ಬಳಿಕ ಅತಿ ಸಂದಣಿಯ ರಜಾದಿನದಲ್ಲಿ ಮಕ್ಕಳ ತಂಡಗಳನ್ನು ಬಸ್ಸಿನಲ್ಲಿ ದೂರ ಸಾಗಿಸುವುದನ್ನು ನಿಷೇಧಿಸಿದರು. ಹೊತ್ತನ್ನು ಆರಿಸಿಕೊಳ್ಳುವುದು ಪ್ರಾಣವನ್ನು ಕಾಯುವುದೂ ಹೌದು ಎಂಬ ಪಾಠಕ್ಕೆ ತೆತ್ತ ಬೆಲೆ ಅಷ್ಟು ದೊಡ್ಡದು.

ಹಾಗಾದರೆ ಬಿರಡೆ ಕಿತ್ತುಹೋಯಿತೆ? ಇಲ್ಲ. ಆಗಸ್ಟಿನ ಶನಿವಾರಗಳಲ್ಲಿ ನೂರಾರು ಕಿಲೋಮೀಟರಿನ ಸಾಲುಗಳು ಈಗಲೂ ಕಾಣುತ್ತವೆ. ರಸ್ತೆಯ ಸಾವುಗಳು ಮಾತ್ರ 1972ರ ಲೆಕ್ಕದ ಕಾಲುಭಾಗಕ್ಕಿಂತ ಕೆಳಗಿಳಿದಿವೆ. ಅದಕ್ಕೆ ವೇಗದ ಮಿತಿ, ಸೊಂಟಪಟ್ಟಿಯ ಕಡ್ಡಾಯ ಮೊದಲಾದ ಕಾರಣಗಳು ಹಲವು. ಕಾಡುಕೋಣನ ಬುದ್ಧಿವಾದದಲ್ಲಿ ಒಂದು ಸಿಕ್ಕೂ ಇದೆ. ಶನಿವಾರ ಬೇಡ, ಭಾನುವಾರ ಹೊರಡಿ ಎಂದರೆ ಎಲ್ಲರೂ ಭಾನುವಾರವೇ ಹೊರಟುಬಿಟ್ಟಾರು. ಮಳೆಯ ಮುನ್ಸೂಚನೆಯನ್ನು ನಂಬಿದರೂ ಬಿಟ್ಟರೂ ಮಳೆ ಬದಲಾಗದು. ಸಂದಣಿಯ ಮುನ್ಸೂಚನೆಯಾದರೋ ನಂಬಿದವರ ಲೆಕ್ಕದ ಮೇಲೆ ತಾನೇ ಬದಲಾಗುತ್ತದೆ.

ಮುಂದಿನ ಹಬ್ಬದ ರಜೆಗೆ ನೀವು ಸಂಸಾರಸಮೇತ ಹೊರಡುವಾಗ ಈ ಕಥೆಯ ಸಾರ ನೆನಪಿರಲಿ. ಸಾಧ್ಯವಾದರೆ ಒಂದು ದಿನ ಹಿಂದೆ ಮುಂದೆ ಹೊರಡಿ. ಮುಂದಿನ ವಾಹನಕ್ಕೆ ಅಂತರ ಬಿಟ್ಟು, ಥಟ್ಟನೆ ಬ್ರೇಕು ಒತ್ತದೆ, ಸಾಲು ಬದಲಿಸದೆ ಸಾಗಿ. ಮಕ್ಕಳಿಗೆ ಸಾಕಷ್ಟು ಕುಡಿಯುವ ನೀರು ಜೊತೆಗಿರಲಿ. ಸಂದಣಿ ಎಂಬುದು ದಾರಿಯಲ್ಲಿ ನಮಗೆ ಎದುರಾಗುವ ಬೇರೆ ಯಾವುದೋ ವಸ್ತುವಲ್ಲ. ಅದರಲ್ಲಿ ನಾವೂ ಒಂದು ಪಾಲು. ನಮ್ಮ ಪಾಲನ್ನು ಹಿಂತೆಗೆದುಕೊಂಡಷ್ಟು ಅದು ಕರಗುತ್ತದೆ.