ಕಿರೀಟಧಮನಿಯ ಪಾರ್ಶ್ವನಾಳಗಳೂ ರಕ್ತದ ಉರಿಯೂತಸೂಚಕಗಳೂ: ಒಂದು ಚಾರಿತ್ರಿಕ ಸಮೀಕ್ಷೆ

ಸಾಗರ ತಾಲ್ಲೂಕಿನ ತಾಳಗುಪ್ಪ ರೈಲುಮಾರ್ಗದ ಕೊನೆಯ ನಿಲ್ದಾಣ. ಅಲ್ಲಿಂದ ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರು. ಇಂಥ ಊರಿನಲ್ಲಿ ಒಬ್ಬನಿಗೆ ಹೃದಯಾಘಾತವಾದರೆ, ಮುಚ್ಚಿದ ಧಮನಿಯನ್ನು ತೆರೆಯಿಸುವವರೆಗೆ ಅವನ ಹೃದಯಸ್ನಾಯುವನ್ನು ಉಳಿಸುವುದು ಯಾವುದು? ಒಂದು ಕಿರೀಟಧಮನಿಯ ಶಾಖೆಯನ್ನು ಮತ್ತೊಂದರ ಶಾಖೆಯೊಡನೆ ಕೂಡಿಸುವ ಪಾರ್ಶ್ವನಾಳಗಳು ಈ ಪ್ರಶ್ನೆಗೆ ಒಂದು ಮುಖ್ಯ ಉತ್ತರ. ಅವುಗಳ ಚರಿತ್ರೆಯು ಉರಿಯೂತದ ಚರಿತ್ರೆಯೊಡನೆ ಕೂಡಿದ ಬಗೆಯನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1669ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರ್ ಒಂದು ಕಿರೀಟಧಮನಿಗೆ ಹೊಗಿಸಿದ ದ್ರವವು ಮತ್ತೊಂದಕ್ಕೂ ಹರಡುವುದೆಂದು ಬರೆದನು. 1855ರಲ್ಲಿ ವಿಯೆನ್ನಾದ ಹೈರ್ಟಲ್ ಈ ಸಂಪರ್ಕವನ್ನು ನಿರಾಕರಿಸಿದನು. 1881ರಲ್ಲಿ ಕೋನ್‌ಹೈಮ್ ನಾಯಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ, ಇವು 'ಅಂತ್ಯಧಮನಿ'ಗಳೆಂದು, ಎಂದರೆ ಕೊನೆಯ ನಿಲ್ದಾಣದಿಂದಾಚೆಗೆ ದಾರಿಯಿಲ್ಲದ ಹಳಿಗಳಂಥವೆಂದು ಸಾರಿದನು. ಈ ಮತ ಬಹುಕಾಲ ನಿಂತಿತು. ಗ್ಲಾಸ್ಗೋ ನಗರದ ಫುಲ್ಟನ್ 1965ರ ಹೊತ್ತಿಗೆ ಕ್ಷ-ಕಿರಣ ಚಿತ್ರಗಳಿಂದ, ರೋಗವಿಲ್ಲದ ಹೃದಯದಲ್ಲಿಯೂ ಪಾರ್ಶ್ವನಾಳಗಳಿರುವುದನ್ನು ತೋರಿಸಿಕೊಟ್ಟನು. 1985ರಲ್ಲಿ ರೆಂಟ್ರಾಪ್ ಅವನ್ನು 0ಯಿಂದ 3ರವರೆಗೆ ದರ್ಜೆಗಳಾಗಿ ವಿಂಗಡಿಸಿದನು. 2012ರಲ್ಲಿ 12 ಅಧ್ಯಯನಗಳ 6,529 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಾರ್ಶ್ವನಾಳಗಳು ಚೆನ್ನಾಗಿ ಬೆಳೆದವರಲ್ಲಿ ಮರಣದ ಸಂಭವ ಶೇಕಡಾ 36ರಷ್ಟು ಕಡಿಮೆಯೆಂದು ತಿಳಿದುಬಂದಿತು.

ಉರಿಯೂತದ ಕಥೆ ಬೇರೆ ಕಡೆಯಿಂದ ಬಂದದ್ದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತುವನ್ನು ಗುರುತಿಸಿದರು. ಸಿ-ರಿಯಾಕ್ಟಿವ್ ಪ್ರೋಟೀನೆಂದು ಹೆಸರಾದ ಅದನ್ನು ಉರಿಯೂತದ ಕಾಲದಲ್ಲಿ ಯಕೃತ್ತು ಹೆಚ್ಚಾಗಿ ತಯಾರಿಸುತ್ತದೆ. 1997ರಲ್ಲಿ ಅಮೆರಿಕದ ರಿಡ್ಕರ್ ಮತ್ತು ಸಹೋದ್ಯೋಗಿಗಳು, ಆರೋಗ್ಯವಂತರಾಗಿ ತೋರುತ್ತಿದ್ದ ಪುರುಷರಲ್ಲಿ ಈ ಪ್ರೋಟೀನು ಅತಿ ಹೆಚ್ಚಾಗಿದ್ದ ವರ್ಗಕ್ಕೆ, ಅತಿ ಕಡಿಮೆಯಿದ್ದ ವರ್ಗಕ್ಕಿಂತ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟೆಂದು ಪ್ರಕಟಿಸಿದರು.

ಈ ಎರಡು ಧಾರೆಗಳು ಕೂಡಿದ್ದು ಜರ್ಮನಿಯ ಬಾದ್ ನೌಹೈಮ್‌ನಲ್ಲಿ ಶಾಪರ್ ಮತ್ತು ಸಂಗಡಿಗರು ನಡೆಸಿದ ಶೋಧನೆಗಳಲ್ಲಿ. ಧಮನಿ ಮುಚ್ಚಿದಾಗ ಪಾರ್ಶ್ವನಾಳದಲ್ಲಿ ರಕ್ತದ ಓಟ ಹೆಚ್ಚುತ್ತದೆ; ಆ ಓಟದ ಉಜ್ಜುವಿಕೆಯಿಂದ ಪ್ರಚೋದಿತವಾದ ಒಳಪದರವು ಮಾನೋಸೈಟ್ ಎಂಬ ಬಿಳಿಯ ರಕ್ತಕಣಗಳನ್ನು ಸೆಳೆಯುತ್ತದೆ; ಅವು ನಾಳದ ಹಿಗ್ಗುವಿಕೆಗೆ ನೆರವಾಗುತ್ತವೆ. ಕೊಬ್ಬುಗಟ್ಟಿದ ಧಮನಿಯ ಗೋಡೆಯಲ್ಲಿ ಸೇರಿ ರೋಗವನ್ನು ಬೆಳೆಸುವ ಕಣಗಳೂ ಇವೇ. ಹಾಗಿದ್ದರೂ ಹಲವು ಆಸ್ಪತ್ರೆಗಳ ಅವಲೋಕನಗಳಲ್ಲಿ ಪಾರ್ಶ್ವನಾಳ ಬೆಳೆಯದವರ ರಕ್ತದಲ್ಲಿಯೇ ಸಿ-ರಿಯಾಕ್ಟಿವ್ ಪ್ರೋಟೀನು ಹೆಚ್ಚಾಗಿ ಕಂಡಿದೆ. ಒಂದೆಡೆಯ ಉಪಕಾರಿ ಉರಿಯೂತವೂ ದೇಹವ್ಯಾಪಿಯಾದ ಉರಿಯೂತವೂ ಒಂದೇ ಅಲ್ಲವೆಂದು ಇದರಿಂದ ಊಹಿಸಬಹುದು. ಇವು ಒಮ್ಮೆ ಮಾಡಿದ ಅಳತೆಗಳಾದ್ದರಿಂದ ಕಾರ್ಯಕಾರಣ ಸಂಬಂಧವನ್ನು ಸಿದ್ಧಪಡಿಸಲಾರವು. ಆದ್ದರಿಂದ ರಕ್ತದ ಒಂದು ಅಂಕಿಯನ್ನು ನೋಡಿ ಒಬ್ಬ ರೋಗಿಯ ಪಾರ್ಶ್ವನಾಳಗಳನ್ನು ನಿರ್ಣಯಿಸುವುದು ಯುಕ್ತವಲ್ಲ.

ಈ ಎಚ್ಚರಿಕೆಗೆ ನಮ್ಮ ನಾಡಿನಲ್ಲಿ ವಿಶೇಷ ಅರ್ಥವುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ಸಮೀಕ್ಷೆಯು ಭಾರತದ 89 ಕೇಂದ್ರಗಳ 20,468 ರೋಗಿಗಳನ್ನು ಪರಿಶೀಲಿಸಿತು. ನೋವು ತೋರಿದಂದಿನಿಂದ ಆಸ್ಪತ್ರೆ ಸೇರುವವರೆಗಿನ ಮಧ್ಯಮಾಂಕ ಕಾಲ 360 ನಿಮಿಷ. ಇಷ್ಟು ವಿಳಂಬವನ್ನು ಎಲ್ಲರ ಪಾರ್ಶ್ವನಾಳಗಳೂ ತಡೆದುಕೊಳ್ಳಲಾರವು. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಹೃದಯದ ವಿದ್ಯುಲ್ಲೇಖನವನ್ನು ತೆಗೆದು, ದೂರದ ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಔಷಧವನ್ನು ಕೊಡುವ ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮಹತ್ವ ಇಲ್ಲಿದೆ. ಪಾರ್ಶ್ವನಾಳ ನೀಡುವುದು ಕೊಂಚ ಕಾಲಾವಕಾಶ. ಆ ಅವಕಾಶವು ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ಸಮಾಜದ ಹೊಣೆ.