ಜರ್ಮನ್ ಕಠಾರಿಗಳು: ಭಾಗಗಳು ಬೆರೆತರೆ ಖೋಟಾ ಎನ್ನಬಹುದೆ?

ನಾಝಿ ಆಡಳಿತಕಾಲದ ಜರ್ಮನ್ ಕಠಾರಿಗಳಿಗೆ ಸಂಗ್ರಾಹಕರಲ್ಲಿ ಇಂದಿಗೂ ಬೇಡಿಕೆಯಿದೆ. ಆದರೆ ಅಲಗು ಒಂದು ಕಾಲದ್ದು, ಹಿಡಿ ಇನ್ನೊಂದು ಕಾಲದ್ದು ಎಂಬಂತಹ ಕಠಾರಿ ಮಾರಾಟಕ್ಕೆ ಬಂದಾಗ ವಿವಾದ ತಪ್ಪಿದ್ದಲ್ಲ. ಭಾಗಗಳು ಹೊಂದದಿರುವುದೊಂದೇ ಖೋಟಾತನಕ್ಕೆ ಸಾಕ್ಷಿಯಾಗದು. ಅವು ಯಾವಾಗ ಒಂದಾದವು ಎಂಬುದೇ ಇಲ್ಲಿ ನಿರ್ಣಾಯಕ.

ಈ ಕಠಾರಿಗಳ ಬಹುಪಾಲು ಸಿದ್ಧವಾದದ್ದು ಸೊಲಿಂಗೆನ್ ಪಟ್ಟಣದಲ್ಲಿ. ನಾಝಿ ಪಕ್ಷದ ಎಸ್‌ಎ ದಳಕ್ಕೆ 1933ರಲ್ಲಿ ಕಠಾರಿ ಮಂಜೂರಾದಾಗ ಹಿಡಿಯ ಲೋಹಭಾಗಗಳು ನಿಕ್ಕಲ್ ಸಿಲ್ವರ್‌ನವಾಗಿದ್ದವು. ಅಲಗಿನ ಮೇಲೆ ತಯಾರಕರ ಮುದ್ರೆ ಇರುತ್ತಿತ್ತು. ಐಕ್‌ಹಾರ್ನ್ ಸಂಸ್ಥೆಯ ಅಳಿಲು ಇವುಗಳಲ್ಲಿ ಪ್ರಸಿದ್ಧ. ಕೆಲವೇ ವರ್ಷಗಳಲ್ಲಿ ಈ ಮುದ್ರೆಗಳ ಜಾಗಕ್ಕೆ ಪಕ್ಷದ ಸರಬರಾಜು ಕಚೇರಿಯಾದ ಆರ್‌ಝಡ್‌ಎಂ ನೀಡಿದ ಸಂಕೇತಗಳು ಬಂದವು, ನಿಕ್ಕಲ್ ಸಿಲ್ವರ್ ಬದಲಿಗೆ ಲೇಪನ ಮಾಡಿದ ಸತು ಬಂದಿತು. ಈ ನಡುವಣ ಅವಧಿಯಲ್ಲಿ ಕಾರ್ಖಾನೆಗಳು ಉಳಿದಿದ್ದ ಹಳೆಯ ಭಾಗಗಳನ್ನು ಎಸೆಯದೆ ಹೊಸ ಅಲಗುಗಳಿಗೆ ಜೋಡಿಸಿದವು. ಎರಡೂ ಬಗೆಯ ಮುದ್ರೆಗಳಿರುವ ಅಲಗುಗಳೂ ಉಂಟು. ಇವು ಅಸಲಿ.

1945ರ ನಂತರದ ಕಥೆ ಬೇರೆ. ನೆನಪಿನ ಕಾಣಿಕೆ ಅರಸಿ ಬಂದ ಮಿತ್ರಪಡೆಗಳ ಸೈನಿಕರಿಗಾಗಿ ಅಳಿದುಳಿದ ಭಾಗಗಳಿಂದಲೇ ಕಠಾರಿಗಳನ್ನು ಜೋಡಿಸಲಾಯಿತು. ಪ್ರತಿ ಭಾಗವೂ ಅಸಲಿ, ಆದರೆ ಆ ಕಠಾರಿಯನ್ನು ಯಾರೂ ಸೊಂಟಕ್ಕೆ ಕಟ್ಟಿದ್ದಿಲ್ಲ! ಪ್ರಾಮಾಣಿಕ ವ್ಯಾಪಾರಿ ಇದನ್ನು ಹೇಳಿಯೇ ಕಡಿಮೆ ಬೆಲೆಗೆ ಮಾರಬೇಕು.

ಪರೀಕ್ಷೆ ಆರಂಭವಾಗಬೇಕಾದದ್ದು ಕೀಲುಗಳಲ್ಲಿ. ಎಸ್‌ಎ ಕಠಾರಿಯ ಮರದ ಹಿಡಿಯನ್ನು ಲೋಹದ ಅಡ್ಡಪಟ್ಟಿಗೆ ಕೈಯಿಂದಲೇ ಹೊಂದಿಸಲಾಗುತ್ತಿತ್ತು. ಉಗುರು ಸಿಕ್ಕಿಕೊಳ್ಳುವಷ್ಟು ಏರುತಗ್ಗು ಅಥವಾ ಬಿರುಕು ಕಂಡರೆ ಸಂಶಯಪಡಬೇಕು. ಅಡ್ಡಪಟ್ಟಿ ಸವೆದು ಮಾಸಿರುವಾಗ ಹಿಡಿ ಮಾತ್ರ ಹೊಳೆಯುತ್ತಿದ್ದರೂ ಹಾಗೆಯೇ. 1935ರ ಸೇನಾಧಿಕಾರಿಗಳ ಕಠಾರಿಯಲ್ಲಿ ಹಿಡಿಯ ತುದಿಯ ಗುಂಡನ್ನು ತಿರುಗಿಸಿ ಬಿಚ್ಚಬಹುದಾದ್ದರಿಂದ ಭಾಗ ಬದಲಿಸುವುದು ಅತಿ ಸುಲಭ. ಅಲ್ಲಿ ಅಲಗಿನ ಬುಡದ ತೊಗಲಿನ ಬಿಲ್ಲೆಯನ್ನು ನೋಡಬೇಕು. ದಶಕಗಳ ಒತ್ತಡಕ್ಕೆ ಸಿಕ್ಕಿದ ತೊಗಲು ಚಪ್ಪಟೆಯಾಗಿ ಕಪ್ಪಾಗಿರುತ್ತದೆ. ಒರೆಯೊಳಗಿನ ಲೋಹಪಟ್ಟಿಗಳ ಗೀರುಗಳು ಅಲಗಿನ ಮೇಲೆ ಮೂಡಿದ್ದರೆ ಎರಡೂ ಬಹುಕಾಲ ಜೊತೆಗಿದ್ದವು ಎಂದು ಊಹಿಸಬಹುದು. ಮುದ್ರೆಗಳಿಗಿಂತ ಇಂತಹ ಸವೆತವೇ ಹೆಚ್ಚು ನಂಬಲರ್ಹ, ಏಕೆಂದರೆ ಮುದ್ರೆ ಒತ್ತುವುದು ಕಷ್ಟವೇನಲ್ಲ.

ಅಪೂರ್ಣವೆನಿಸಿದ್ದೇ ಹೆಚ್ಚು ವಿಶ್ವಾಸಾರ್ಹವಾದ ಉದಾಹರಣೆಯೂ ಇದೆ. ಎಸ್‌ಎ ಮುಖ್ಯಸ್ಥ ಅರ್ನ್ಸ್ಟ್ ರೋಮ್ 1934ರಲ್ಲಿ ತನ್ನ ಹಸ್ತಾಕ್ಷರದ ಸ್ನೇಹವಾಕ್ಯ ಕೆತ್ತಿದ ಕಠಾರಿಗಳನ್ನು ಹಂಚಿಸಿದ್ದ. ಅದೇ ವರ್ಷದ ಜೂನ್ 30ರಂದು ಆರಂಭವಾದ ಹತ್ಯಾಕಾಂಡದಲ್ಲಿ ಅವನೂ ಬಲಿಯಾದ ಮೇಲೆ ಆ ಬರಹವನ್ನು ಅಳಿಸಲು ಆಜ್ಞೆಯಾಯಿತು. ಕೆಲವರು ಇಡೀ ವಾಕ್ಯವನ್ನು ಉಜ್ಜಿದರು, ಕೆಲವರು ಹೆಸರನ್ನಷ್ಟೇ. ಅಳಿಸದೆ ಉಳಿದವು ವಿರಳವಾದ್ದರಿಂದ ಅವುಗಳ ಬೆಲೆ ಹೆಚ್ಚು. ಸಾಮಾನ್ಯ ಅಲಗಿನ ಮೇಲೆ ಆ ವಾಕ್ಯವನ್ನು ಹೊಸದಾಗಿ ಮೂಡಿಸುವ ವಂಚನೆಯೂ ಹೆಚ್ಚು. ಉಜ್ಜಿದ ಗುರುತಿರುವ ಅಲಗನ್ನು ನಕಲು ಮಾಡಲು ಹೋಗುವವರು ಮಾತ್ರ ಕಡಿಮೆ.